ನಮ್ಮ ಕಟಿಂಗ್ ಮಾಸ್ಟ್ರು ಮತ್ತು ಏಳು ಟೊಮೇಟೊ ಗಿಡ

ನನ್ನ ಮೈದುನನನ್ನು ಬೀದಿಯವರೆಲ್ಲ ‘ಮಾಸ್ಟ್ರು’ ಎಂದು ಕರೆಯುತ್ತಾರೆ. ಪಾಠ ಹೇಳುವ ಮಾಸ್ಟ್ರಲ್ಲ, ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟ್ರು. ನಮ್ಮ ಮನೆಯ ಕೆಳಗಿನ ಅಂಗಡಿಯಲ್ಲಿ ನಲವತ್ತೊಂದು ವರ್ಷ ಶಾಲೆ ಮಕ್ಕಳ ಯೂನಿಫಾರಂ ಹೊಲಿದವನು. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವನಿಗೆ ಹದಿಮೂರು ವರ್ಷ. ಅತ್ತೆ ಮಾವ ಆಗಲೇ ಇರಲಿಲ್ಲ. ಅವನ ಪಾಲಿಗೆ ಅಣ್ಣನೇ ಅಪ್ಪ, ಅಣ್ಣನೇ ಅಮ್ಮ. ಈಗ ಅವನಿಗೆ ಅರವತ್ತೆಂಟು, ನನಗೆ ಎಪ್ಪತ್ನಾಲ್ಕು. ಅವನು ಮದುವೆಯಾಗಲಿಲ್ಲ. ಯಾಕಪ್ಪಾ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: “ನನ್ನ ಅಳತೆಗೆ ಸಿಗ್ಲಿಲ್ಲ, ಆಲ್ಟರ್ ಮಾಡಿಸ್ಕೊಳ್ಳೋರೂ ಸಿಗ್ಲಿಲ್ಲ.”

ಅವನಿಗೆ ಒಂದು ಚಾಳಿ. ಎದುರಿಗಿರುವವರ ಬಟ್ಟೆಯಲ್ಲಿ ನೂಲು ಹೊರಗೆ ಬಂದಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಕಣ್ಣಿನ ಹಿಂದೆಯೇ ಕೈ ಹೋಗುತ್ತದೆ. ಅಂಗಿ ಜೇಬಿನಲ್ಲಿ ಬೆರಳುದ್ದದ ಪುಟ್ಟ ಕತ್ತರಿ ಯಾವಾಗಲೂ ಇರುತ್ತದೆ. ಒಮ್ಮೆ ಬಸ್ಸಿನಲ್ಲಿ ಮುಂದೆ ನಿಂತಿದ್ದವನ ಕಾಲರಿನ ನೂಲು ಕತ್ತರಿಸಲು ಹೋಗಿ ಏಟು ತಿನ್ನುವುದರಲ್ಲಿದ್ದ. ಆಸ್ಪತ್ರೆಯಲ್ಲಿ ಡಾಕ್ಟರು ಅವನ ಎದೆಗೆ ಸ್ಟೆತಾಸ್ಕೋಪ್ ಇಟ್ಟಿದ್ದಾಗ ಇವನು ಅವರ ಕೋಟಿನ ಗುಂಡಿಯ ನೂಲು ಕತ್ತರಿಸುತ್ತಿದ್ದ. “ಅಲ್ಲಾಡ್ಬೇಡಿ” ಎಂದರಂತೆ ಡಾಕ್ಟರು. “ನೀವೂ ಅಲ್ಲಾಡ್ಬೇಡಿ ಸಾರ್” ಎಂದನಂತೆ ಇವನು.

ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿಕೊಂಡು ಓದುತ್ತಿದ್ದೆ, ಅಷ್ಟೆ. ಅಂಕಿಯನ್ನು ನನಗೆ ಸರಿಯಾಗಿ ಕಲಿಸಿದ್ದು ಅವನ ಟೇಪು. ಅಂಗಡಿಯಲ್ಲಿ ಮಕ್ಕಳು ಸಾಲಾಗಿ ನಿಂತರೆ ಅವನು ಸೊಂಟ, ತೋಳು, ಉದ್ದ ಎಂದು ಕೂಗುತ್ತಿದ್ದ, ನಾನು ಬರೆಯುತ್ತಿದ್ದೆ. ಒಂದು ಸಲ ಇಪ್ಪತ್ತೆರಡೂಕಾಲು ಎಂದದ್ದನ್ನು ನಾನು ಕಾಲು ಬಿಟ್ಟು ಬರೆದೆ. ಅವನು ಬೈಯಲಿಲ್ಲ. “ಕಾಲಿಂಚು ತಾನೇ ಅನ್ಬೇಡಿ ಅತ್ತಿಗೆ. ಆ ಮಗು ಒಂದು ವರ್ಷ ಹೊಟ್ಟೆ ಬಿಗಿ ಹಿಡ್ಕೊಂಡು ಓದ್ಬೇಕಾಗುತ್ತೆ” ಎಂದ. ಆಮೇಲೆ ನಾನು ಕಾಲನ್ನು ಎಂದೂ ಬಿಟ್ಟವಳಲ್ಲ.

ಮೂರು ವರ್ಷದ ಹಿಂದೆ ಅವನ ಬಲಗೈ ನಡುಗಲು ಶುರುವಾಯಿತು. ಯಾರಿಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ನೀಲಿ ಬಟ್ಟೆಯನ್ನು ಇಪ್ಪತ್ನಾಲ್ಕು ಪದರ ಹಾಸಿ, ಗೆರೆ ಹಾಕಿ, ದೊಡ್ಡ ಕತ್ತರಿ ಇಟ್ಟ. ಕತ್ತರಿ ಗೆರೆ ಬಿಟ್ಟು ಹೋಯಿತು. ಇಪ್ಪತ್ನಾಲ್ಕು ಮಕ್ಕಳ ಎಡತೋಳು ಒಂದೇ ಏಟಿಗೆ ಕೆಟ್ಟಿತು. ಆ ಬಟ್ಟೆಯಲ್ಲೆಲ್ಲ ಚೀಲ ಹೊಲಿದು ಬೀದಿಗೆ ಹಂಚಿದ, ಶಾಲೆಗೆ ಬೇರೆ ಟೈಲರನ್ನು ತಾನೇ ಗೊತ್ತುಮಾಡಿ ಕೊಟ್ಟ, ಅಂಗಡಿಯ ಬಾಗಿಲು ಎಳೆದ. ಕೈಯ ಮಾತನ್ನು ನಾವು ಯಾರೂ ಅವನೆದುರು ಎತ್ತುವುದಿಲ್ಲ.

ಅದಾಗಿ ಒಂದು ವರ್ಷಕ್ಕೆ ನಮ್ಮ ಯಜಮಾನರು ತೀರಿಕೊಂಡರು. ಅವರು ನೀರು ಸರಬರಾಜಿನಲ್ಲಿ ವಾಲ್ವ್ ತಿರುಗಿಸುವ ಕೆಲಸದಲ್ಲಿದ್ದವರು. ಕೆಲಸ ಬಿಟ್ಟರೆ ಅವರಿಗಿದ್ದದ್ದು ತಾರಸಿಯ ಮೇಲಿನ ಟೊಮೇಟೊ ಗಿಡ. ಪೇಟೆಯಲ್ಲಿ ಸಿಗುವ ಜಾತಿಯಲ್ಲ ಅದು. ಹಣ್ಣು ಚಪ್ಪಟೆ, ಮೈಯೆಲ್ಲ ಹೋಳು ಹೋಳು, ಬಾಯಿಗಿಟ್ಟರೆ ಒಂದು ಕಣ್ಣು ತಾನಾಗಿ ಮುಚ್ಚಿಕೊಳ್ಳುವಷ್ಟು ಹುಳಿ. ಪ್ರತಿ ವರ್ಷ ಒಳ್ಳೆಯ ಹಣ್ಣಿನ ಬೀಜ ತೆಗೆದಿಟ್ಟು ಮುಂದಿನ ವರ್ಷ ಹಾಕುತ್ತಿದ್ದರು. ಅವರು ಹೋದ ಮೇಲೆ ಒಂದು ವರ್ಷ ನಾವಿಬ್ಬರೂ ಅದರ ಗೋಜಿಗೆ ಹೋಗಲಿಲ್ಲ.

ಈ ವರ್ಷ ಮೈದುನ ಬಂದು, “ಅತ್ತಿಗೆ, ಅಣ್ಣನ ಬೀಜ ಕೊಡಿ, ನಾನು ಹಾಕ್ತೀನಿ” ಎಂದ. ಪೊಟ್ಟಣ ಬಿಚ್ಚಿ ನೋಡಿದರೆ ತೇವ ತಗುಲಿ ಮುಕ್ಕಾಲು ಪಾಲು ಬೂಸಲು ಹಿಡಿದಿತ್ತು. ಚೆನ್ನಾಗಿದ್ದವು ಮೂವತ್ತೆರಡು.

“ಅರ್ಧ ಇಟ್ಕೊಳ್ಳೋಣ ಕಣೋ” ಎಂದೆ.

“ಇಟ್ಕೊಂಡ್ರೆ ಇವೂ ಬೂಸಲಾಗ್ತವೆ. ಎಲ್ಲಾ ಹಾಕ್ಬಿಡೋಣ. ನಾನಿಲ್ವಾ ನೋಡ್ಕೊಳ್ಳೋಕೆ?”

ಮೂವತ್ತೆರಡನ್ನೂ ಹಾಕಿದ. ಎದ್ದದ್ದು ಏಳು. ಆ ಏಳು ಗಿಡ ಹಣ್ಣು ಬಿಟ್ಟರೆ ಬೀಜ ಉಂಟು, ಇಲ್ಲವಾದರೆ ಆ ಜಾತಿ ನಮ್ಮ ಮನೆಯಲ್ಲಿ ಮುಗಿಯಿತು. ಬೇರೆ ಯಾರ ಹತ್ತಿರವೂ ಇಲ್ಲ. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹಳೆಯ ಪೇಂಟ್ ಬಕೆಟ್ಟುಗಳಿಗೆ ತಳದಲ್ಲಿ ತೂತು ಹೊಡೆದು ಮಣ್ಣು ತುಂಬಿ, ಆರನ್ನು ಮೋಟುಗೋಡೆಯುದ್ದಕ್ಕೆ ಸಾಲಾಗಿ ಇಟ್ಟ. ಏಳನೆಯದಕ್ಕೆ ಅಲ್ಲಿ ಜಾಗ ಸಾಲದೆ ನೀರಿನ ಟ್ಯಾಂಕಿನ ಹಿಂದೆ, ಪೈಪಿನ ಕೆಳಗೆ ಸೇರಿಸಿದೆವು. ಪೈಪಿನಡಿ ಬಗ್ಗಿ ಹೋಗಲು ಅವನ ಮಂಡಿ ಬಿಡುವುದಿಲ್ಲ. ಆದ್ದರಿಂದ ಅದು ನನ್ನ ಪಾಲಿಗೆ ಬಂತು. ಅವನು ಸಾಲಿನ ಒಂದು ತುದಿಗೆ ಕುರ್ಚಿ ಹಾಕಿಕೊಂಡು ಬೆಳಗ್ಗೆಯೂ ಸಂಜೆಯೂ ಗಿಡದ ಮುಂದೆಯೇ ಕುಳಿತಿರುತ್ತಿದ್ದ. ಅಂಗಡಿ ಮುಚ್ಚಿದ ಮೇಲೆ ಅವನ ಮುಖದಲ್ಲಿ ಅಷ್ಟು ಕಳೆ ನಾನು ಕಂಡಿರಲಿಲ್ಲ.

ಗಿಡ ಮೊಣಕಾಲೆತ್ತರ ಬಂತು, ಸೊಂಟದೆತ್ತರ ಬಂತು, ಹಳದಿ ಹೂ ಬಿಟ್ಟಿತು. ಅಷ್ಟರಲ್ಲಿ ಬಿಸಿಲು ಏರಿತು, ಎಲೆ ಮುದುರಲು ಶುರುವಾಯಿತು.

ಮೊದಲು ಕಂಡವರು ಪಕ್ಕದ ಮನೆಯ ಗುಮಾಸ್ತರು. ಕಚೇರಿಯಿಂದ ನಿವೃತ್ತರಾದವರು, ಎರಡು ತಾರಸಿಗೂ ನಡುವೆ ಇರುವುದು ಮೊಣಕಾಲೆತ್ತರದ ಗೋಡೆ. ಅವರೂ ಗಿಡ ಬೆಳೆಸುತ್ತಾರೆ. ಹೋದ ವರ್ಷ ಅವರ ಹನ್ನೆರಡು ಟೊಮೇಟೊ ಗಿಡಕ್ಕೂ ಎಲೆ ಮುದುರು ರೋಗ ಬಂದು ಒಂದೂ ಉಳಿಯಲಿಲ್ಲ. ಬಿಳಿ ನೊಣ ಹರಡುವ ರೋಗ ಅದು. ಬಂದ ಗಿಡಕ್ಕೆ ಮದ್ದಿಲ್ಲ, ಕಿತ್ತು ಹಾಕಬೇಕು. ಈ ವರ್ಷ ಅವರು ಹೊಸದಾಗಿ ಇಪ್ಪತ್ತು ಸಸಿ ಇಟ್ಟಿದ್ದರು.

“ಮಾಸ್ಟ್ರೇ, ನಿಮ್ಮ ಗಿಡಕ್ಕೆ ಬಂತಲ್ಲ!”

“ಏನು ಬಂತು?”

“ಅದೇ. ಮುದುರು. ಹೋದ್ಸಲ ನಮ್ಗೆ ಬಂದದ್ದೇ.”

“ಬಿಸ್ಲಿಗೆ ಸ್ವಲ್ಪ ಸುಸ್ತಾಗಿದೆ ಅಷ್ಟೆ.”

“ಸುಸ್ತಾದ್ರೆ ಸಂಜೆಗೆ ಏಳ್ಬೇಕಲ್ಲ ಸ್ವಾಮಿ? ನಿಮ್ಮದನ್ನು ಇವತ್ತು ಕೀಳ್ಲಿಲ್ಲ ಅಂದ್ರೆ ನನ್ನದನ್ನು ಹದಿನೈದು ದಿನಕ್ಕೆ ನಾನು ಕೀಳ್ತೀನಿ. ನಿಮ್ಮ ಮೇಲೆ ಕೋಪ ಅಲ್ಲ, ಆ ನೊಣಕ್ಕೆ ಗೋಡೆ ಗೊತ್ತಿಲ್ವಲ್ಲ.”

ಮೈದುನನ ಮುಖ ಸಣ್ಣದಾಯಿತು. ಗುಮಾಸ್ತರು ಕೆಟ್ಟವರಲ್ಲ, ಯಜಮಾನರು ಮಲಗಿದ್ದಾಗ ದಿನಾ ಬಂದು ಪೇಪರ್ ಓದಿ ಹೇಳುತ್ತಿದ್ದವರು. ಅವರ ಭಯವೂ ಸುಳ್ಳಲ್ಲ. ನಾನೇ ನಡುವೆ ಹೋಗಿ, “ಎಂಟು ದಿನ ಕೊಡಿ ಗುಮಾಸ್ತರೇ. ರೋಗವೇ ಆದರೆ ನಾನೇ ಕಿತ್ತು ಹಾಕ್ತೀನಿ” ಎಂದೆ.

“ನೀವು ಹೇಳಿದ್ರೆ ಸರಿ ಅಮ್ಮಾ. ಎಂಟೇ ದಿನ. ಇವ್ರಾದ್ರೆ ಎಂಟು ವರ್ಷ ಮಾಡ್ತಾರೆ” ಎಂದು ಹೋದರು.

ಮೈದುನ ಅಂದೇ ಒಂದು ಎಲೆ ಹಿಡಿದು ಬೀಜ, ಗೊಬ್ಬರ, ಔಷಧಿ ಮಾರುವ ಅಂಗಡಿಗೆ ಓಡಿದ. ಅಂಗಡಿಯವನು ಎಲೆಯನ್ನು ಕೈಗೂ ತೆಗೆದುಕೊಳ್ಳದೆ, “ಮುದುರು ರೋಗ, ಇದನ್ನು ಹೊಡೀರಿ” ಎಂದು ಒಂದು ಬಾಟಲಿ ಕೊಟ್ಟನಂತೆ. ಅದನ್ನು ತಂದು ನೀರಿಗೆ ಬೆರೆಸಲು ಹೊರಟಿದ್ದ. ನಾನು ಬಾಟಲಿಯ ಮೇಲೆ ಕೈ ಇಟ್ಟೆ.

“ಅಳತೆ ತಗೊಳ್ದೆ ನೀನು ಯಾವತ್ತಾದ್ರೂ ಬಟ್ಟೆಗೆ ಕತ್ತರಿ ಹಾಕಿದ್ದೀಯಾ?”

ಅವನು ಬಾಟಲಿ ಕೆಳಗಿಟ್ಟ.

ಮರುದಿನ ಬೆಳಗ್ಗೆ ಬಿಸಿಲೇರುವ ಮುಂಚೆ ನಾನು ಅಂಗಡಿ ಮುಚ್ಚಿದಾಗ ಮನೆಗೆ ತಂದಿಟ್ಟಿದ್ದ ಚಿಂದಿ ಚೀಲದಿಂದ ಕಪ್ಪು ಬಟ್ಟೆಯ ಒಂದು ತುಂಡು, ಕೆಂಪು ನೂಲು, ಬಿಳಿ ನೂಲು ತೆಗೆದುಕೊಂಡು ಮೇಲೆ ಹೋದೆ. ಕಪ್ಪು ಬಟ್ಟೆಯನ್ನು ಒಂದೊಂದೇ ಗಿಡದ ಕೆಳಗೆ ಹಿಡಿದು ಕೊಂಬೆಯನ್ನು ಮೆಲ್ಲಗೆ ತಟ್ಟಿದೆ. ಬಿಳಿ ನೊಣ ಇದ್ದರೆ ಬೂದಿ ಹಾರಿದಂತೆ ಏಳಬೇಕು. ಗುಮಾಸ್ತರ ಗಿಡದಲ್ಲಿ ಹೋದ ವರ್ಷ ನಾನೇ ಕಂಡಿದ್ದೆ. ಏಳು ಗಿಡದಲ್ಲಿ ಒಂದು ನೊಣವೂ ಏಳಲಿಲ್ಲ. ಬಟ್ಟೆಯ ಮೇಲೆ ಬಿದ್ದದ್ದು ಒಂದು ಇರುವೆ, ಎರಡು ಒಣ ಹೂ. ಎಲೆಯ ತಳ ತಿರುಗಿಸಿ ನೋಡಿದೆ. ನುಸಿಯಿಲ್ಲ, ಬಲೆಯಿಲ್ಲ, ಅಂಟಿಲ್ಲ.

ಆಮೇಲೆ ಎಲೆಯನ್ನೇ ನೋಡಿದೆ. ಗುಮಾಸ್ತರ ಗಿಡದಲ್ಲಿ ಮೊದಲು ಕೆಟ್ಟದ್ದು ತುದಿಯ ಚಿಗುರು. ಹೊಸ ಎಲೆ ಬೆರಳುಗುರಿನಷ್ಟಕ್ಕೇ ನಿಂತು, ಅಂಚು ಹಳದಿಯಾಗಿ, ಸುಕ್ಕುಗಟ್ಟಿ ಬಟ್ಟಲಿನಂತಾಗಿತ್ತು, ಗಿಡವೇ ಕುಳ್ಳಾಗಿತ್ತು. ನಮ್ಮದರಲ್ಲಿ ತುದಿ ನೆಟ್ಟಗಿತ್ತು. ಮುದುರಿದ್ದು ಕೆಳಗಿನ ಹಳೆಯ ಎಲೆ. ಎರಡು ಅಂಚೂ ಮೇಲಕ್ಕೆ ಎದ್ದು ಉದ್ದಕ್ಕೆ ಸುತ್ತಿಕೊಂಡಿತ್ತು. ಬಣ್ಣ ಹಸಿರೇ. ಮುಟ್ಟಿದರೆ ಗಂಜಿ ಹಾಕಿದ ಕಾಲರಿನಂತೆ ದಪ್ಪ, ಗಡುಸು. ಇದು ಆ ರೋಗವಲ್ಲ ಎಂದು ನನಗೆ ಅರ್ಧ ಧೈರ್ಯ ಬಂತು. ಆದರೆ ಅಲ್ಲ ಎಂದಷ್ಟೇ ತಿಳಿದರೆ ಸಾಲದು, ಮತ್ತೇನು ಎಂಬುದೂ ತಿಳಿಯಬೇಕಲ್ಲ.

ಮುದುರಿದ ಎಲೆಯ ತೊಟ್ಟಿಗೆಲ್ಲ ಕೆಂಪು ನೂಲು ಕಟ್ಟುತ್ತ ಹೋದೆ. ಕುರ್ಚಿಯ ಪಕ್ಕದ ಮೊದಲನೇ ಗಿಡದಲ್ಲಿ ತುದಿಯ ಎರಡು ಎಲೆ ಬಿಟ್ಟು ಉಳಿದದ್ದಕ್ಕೆಲ್ಲ ಕೆಂಪು ಬಿತ್ತು. ಎರಡನೆಯದಕ್ಕೆ ಒಂಬತ್ತು. ಮೂರನೆಯದಕ್ಕೆ ಎಂಟು. ನಾಲ್ಕಕ್ಕೆ ಆರು, ಐದಕ್ಕೆ ನಾಲ್ಕು, ಕುರ್ಚಿಗೆ ದೂರದ ಆರನೆಯದಕ್ಕೆ ಎರಡು. ಬಿಸಿಲು ಆರಕ್ಕೂ ಒಂದೇ, ಮಣ್ಣು ಒಂದೇ, ಬೀಜವಂತೂ ಒಂದೇ. ಟ್ಯಾಂಕಿನ ಹಿಂದಿನ ಏಳನೆಯದಕ್ಕೆ ಒಂದೇ ಒಂದು ಕೆಂಪು ನೂಲು. ಅದು ಪೊದೆಯಂತೆ ಹಬ್ಬಿ ಪೈಪನ್ನೇ ಮುಚ್ಚಿತ್ತು.

ಸಾಲಿನ ಮೇಲೆ ಕೆಂಪು ಹೀಗೆ ಇಳಿಯುತ್ತ ಬಂದದ್ದು ಯಾಕೆ ಎಂದು ನಾನು ನಿಂತು ನೋಡುತ್ತಿದ್ದೆ. ಆಗ ಮೆಟ್ಟಿಲಲ್ಲಿ ಮೈದುನನ ಚಪ್ಪಲಿ ಸದ್ದಾಯಿತು. ಬಂದವನೇ ಕುರ್ಚಿಯಲ್ಲಿ ಕುಳಿತ. ಮಾತಾಡುತ್ತಲೇ ಜೇಬಿಗೆ ಕೈ ಹೋಯಿತು. ಪುಟ್ಟ ಕತ್ತರಿ ಬಂತು. ಎರಡನೇ ಗಿಡದ ಒಂದು ಕೆಂಪು ನೂಲಿನ ಎಲೆ ಟಪ್ ಎಂದು ಕೆಳಗೆ ಬಿತ್ತು.

“ಏನೋ ಅದು?”

“ಮುದುರಿದೆಯಲ್ಲ ಅತ್ತಿಗೆ. ಇಟ್ಕೊಂಡ್ರೆ ಬೇರೇದಕ್ಕೂ ಅಂಟಲ್ವಾ?”

“ಹಿಂದೆಯೂ ಕತ್ತರಿಸಿದ್ದೀಯಾ?”

“ಇದನ್ನೇನೂ... ಆಗಾಗ. ಎಲೆಯ ಕಂಕುಳಲ್ಲಿ ಚಿಗುರು ಬರುತ್ತಲ್ಲ, ಅದನ್ನು ತೆಗೀತಿದ್ದೆ. ಅಣ್ಣನೂ ತೆಗೀತಿದ್ದ. ಕಂಕುಳಲ್ಲಿ ಬಟ್ಟೆ ಜಾಸ್ತಿ ಆದ್ರೆ ಅಂಗಿ ನಿಲ್ಲಲ್ಲ ಅತ್ತಿಗೆ. ಆಮೇಲೆ ಅಲ್ಲಿ ಇಲ್ಲಿ ಓರೆಯಾಗಿ ಬಂದದ್ದು. ನೀಟಾಗಿರ್ಲಿ ಅಂತ.”

ಅವನು ಕಾಫಿಗೆ ಇಳಿದು ಹೋಗುವ ತನಕ ಕಾದೆ. ಆಮೇಲೆ ಕಾಂಡದ ಮೇಲಿನ ಕತ್ತರಿಸಿದ ಗುರುತುಗಳನ್ನು ಬೆರಳಿಟ್ಟು ಎಣಿಸಿದೆ. ಮೊದಲನೇ ಗಿಡದಲ್ಲಿ ಇಪ್ಪತ್ತಾರು. ಎರಡರಲ್ಲಿ ಹತ್ತೊಂಬತ್ತು, ಮೂರರಲ್ಲಿ ಹದಿನೇಳು, ನಾಲ್ಕರಲ್ಲಿ ಹನ್ನೊಂದು, ಐದರಲ್ಲಿ ಏಳು, ಆರರಲ್ಲಿ ಮೂರು. ಟ್ಯಾಂಕಿನ ಹಿಂದಿನದಕ್ಕೆ ಗುರುತೇ ಇಲ್ಲ. ಕೆಂಪು ನೂಲು ಎಷ್ಟೆಷ್ಟಿತ್ತೋ ಕತ್ತರಿಯ ಗುರುತೂ ಅದೇ ಸಾಲಿನಲ್ಲಿ ಇಳಿದಿತ್ತು. ಅವನ ಕೈ ಕುರ್ಚಿಯಿಂದ ಎಷ್ಟು ದೂರ ಚಾಚುತ್ತದೋ ಅಷ್ಟು ದೂರ ಎಲೆ ಸುರುಳಿಯಾಗಿತ್ತು.

ಅಣ್ಣ ಮಾಡುತ್ತಿದ್ದುದನ್ನು ಅವನು ಕಂಡದ್ದು ನಿಜ. ಆದರೆ ಯಜಮಾನರು ಚಳಿಗಾಲದ ಗಿಡದಲ್ಲಿ ವಾರಕ್ಕೊಂದು ಚಿಗುರನ್ನು ಉಗುರಿನಲ್ಲಿ ಚಿವುಟುತ್ತಿದ್ದರು. ಬಿಸಿಲೇರಿದ ಮೇಲೆ ಮುಟ್ಟುತ್ತಿರಲಿಲ್ಲ. ಎಲೆ ಕಡಿಮೆಯಾದ ಗಿಡ ಇರುವ ಎಲೆಯನ್ನು ಸುತ್ತಿಕೊಂಡು ಬಿಸಿಲಿನಿಂದ ತಪ್ಪಿಸಿಕೊಳ್ಳುತ್ತದೆ. ಸುತ್ತಿಕೊಂಡದ್ದನ್ನು ಇವನು ರೋಗವೆಂದು ಮತ್ತೆ ಕತ್ತರಿಸುತ್ತಾನೆ. ಉಳಿದ ಎಲೆ ಇನ್ನಷ್ಟು ಸುತ್ತಿಕೊಳ್ಳುತ್ತದೆ. ಹೀಗೇ ಬಿಟ್ಟರೆ ಗುಮಾಸ್ತರು ಕೀಳುವುದೇ ಬೇಡ, ಕೋಲು ಮಾತ್ರ ಉಳಿಯುತ್ತಿತ್ತು. ನೀರಿನದೂ ಹಾಗೆಯೇ. ಮನಸ್ಸು ಚೆನ್ನಾಗಿದ್ದ ದಿನ ಮೂರು ಸಲ ಹಾಕುತ್ತಿದ್ದ, ಇಲ್ಲದ ದಿನ ಮರೆಯುತ್ತಿದ್ದ.

ತಿಳಿದದ್ದು ಒಂದು, ಹೇಳುವುದು ಇನ್ನೊಂದು. ಇಪ್ಪತ್ನಾಲ್ಕು ತೋಳು ಕೆಟ್ಟ ದಿನದಿಂದ ತನ್ನ ಕೈಯನ್ನು ಅವನು ಯಾರದೋ ಎಂಬಂತೆ ನೋಡುತ್ತಿದ್ದ. ಆ ಕೈಯೇ ಅಣ್ಣನ ಗಿಡವನ್ನೂ ಕೆಡಿಸಿತು ಎಂದು ನಾನು ಹೇಗೆ ಹೇಳಲಿ? ಎರಡು ದಿನ ನುಂಗಿಕೊಂಡೆ. ಪುಟ್ಟ ಕತ್ತರಿಯನ್ನು ಒಗೆಯುವ ಬಟ್ಟೆಯ ನೆವದಲ್ಲಿ ಎತ್ತಿಟ್ಟೆ. ಅವನು ಮನೆಯೆಲ್ಲ ಹುಡುಕಿ, ಕೊನೆಗೆ ಉಗುರು ಕತ್ತರಿಸುವುದನ್ನು ಹಿಡಿದು ತಾರಸಿ ಹತ್ತಿದ. ನಗುವುದೋ ಅಳುವುದೋ ತಿಳಿಯಲಿಲ್ಲ. ಎಂಟರಲ್ಲಿ ಮೂರು ದಿನ ಹೋಗಿತ್ತು. ಇನ್ನು ಸುಮ್ಮನಿದ್ದರೆ ಆಗದೆಂದು ಹಿಂದೆಯೇ ಹತ್ತಿದೆ.

“ಗಿಡಕ್ಕೆ ರೋಗ ಇಲ್ಲ ಕಣೋ” ಎಂದೆ.

“ಹೌದಾ!” ಮುಖ ಅರಳಿತು. “ಮತ್ತೇನಿದೆ?”

“ನೀನಿದ್ದೀಯ.”

ಅವನು ನಕ್ಕ. ನಾನು ನಗಲಿಲ್ಲ. ಕೈ ಹಿಡಿದು ಒಂದನೇ ಗಿಡದಿಂದ ಆರನೆಯದರ ತನಕ ನಡೆಸಿದೆ. ಕೆಂಪು ನೂಲು ಎಣಿಸು ಎಂದೆ, ಎಣಿಸಿದ. ಗುರುತು ಎಣಿಸು ಎಂದೆ, ಎಣಿಸಿದ. ನಾಲ್ಕನೆಯ ಗಿಡದ ಹೊತ್ತಿಗೆ ಅವನಿಗೆ ಅರ್ಥವಾಗಿತ್ತು. ಎಣಿಸುವುದನ್ನು ಬಿಡಲಿಲ್ಲ, ಆರನೆಯದನ್ನೂ ಮುಗಿಸಿದ. ಆಮೇಲೆ ನನ್ನ ಕೈಯಿಂದ ಕೈ ಬಿಡಿಸಿಕೊಂಡ.

“ಮೊದಲೇ ಹೇಳ್ಬೇಕಿತ್ತು ನೀವು.”

“ಇವತ್ತೇ ಮೊದಲು ಅಂದ್ಕೋ.”

“ಮೂವತ್ತೆರಡೂ ಹಾಕಿದ್ದೂ ನಾನೇ ಅಲ್ವಾ” ಎಂದು ಕೆಳಗೆ ಇಳಿದು ಹೋದ. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದ. ಸಂಜೆಯೂ ಅಷ್ಟೇ. ತಾರಸಿಯಲ್ಲಿ ಕುರ್ಚಿ ಖಾಲಿ ಇತ್ತು. ನಾನು ಮಾತಾಡಿಸಲು ಹೋಗಲಿಲ್ಲ. ಅವನ ಹದಿಮೂರನೇ ವಯಸ್ಸಿನಿಂದ ಕಂಡಿದ್ದೇನೆ, ಅವನ ಮುನಿಸನ್ನು ಎಳೆದರೆ ಗಂಟಾಗುತ್ತದೆ, ಬಿಟ್ಟರೆ ತಾನೇ ಬಿಚ್ಚಿಕೊಳ್ಳುತ್ತದೆ.

ಮರುದಿನ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ತಾರಸಿಯ ಮೇಲೆ ಸದ್ದಾಯಿತು. ಹೋಗಿ ನೋಡಿದರೆ ಕೊರಳಿಗೆ ಟೇಪು ಹಾಕಿಕೊಂಡು, ಕೈಯಲ್ಲಿ ಚಾಕ್ ಹಿಡಿದು, ಗೋಡೆಯ ನೆರಳು ಎಲ್ಲಿಗೆ ಬಿದ್ದಿದೆ ಎಂದು ನೆಲದ ಮೇಲೆ ಗೆರೆ ಹಾಕುತ್ತಿದ್ದ. ಮೂರು ಗಂಟೆಗೆ ಮತ್ತೊಂದು ಗೆರೆ. ನನ್ನನ್ನು ನೋಡದೆಯೇ ಕೂಗಿದ: “ಬರ್ಕೊಳ್ಳಿ ಅತ್ತಿಗೆ. ಉದ್ದ ನೂರ ಮೂವತ್ತೆರಡೂವರೆ. ಅಗಲ ನಲವತ್ತಾರೂಕಾಲು. ಕಾಲು ಬಿಡ್ಬೇಡಿ.”

“ಯಾರಿಗಪ್ಪಾ ಇಷ್ಟು ದೊಡ್ಡ ಅಂಗಿ?”

“ಆರು ಜನಕ್ಕೆ ಸೇರಿ ಒಂದು ಚಪ್ಪರ. ಬಿಸಿಲು ಸೋಸಿ ಬರ್ಬೇಕು, ಪೂರಾ ನಿಲ್ಲಬಾರ್ದು. ಅಂಗಡಿಯಲ್ಲಿ ಬಿಳಿ ಲೈನಿಂಗ್ ಬಟ್ಟೆಯ ಥಾನು ಉಳಿದಿದೆ.”

ಮೂರು ವರ್ಷದಿಂದ ಎಳೆದಿದ್ದ ಅಂಗಡಿಯ ಬಾಗಿಲನ್ನು ಹೀಗೆ ಎತ್ತಿದ. ಉದ್ದನೆಯ ಮೇಜಿನ ಮೇಲಿನ ಧೂಳು ಒರೆಸಿ ಬಟ್ಟೆ ಹಾಸಿದ, ಗೆರೆ ಹಾಕಿದ. ಗೆರೆ ಹಾಕುವಾಗಲೂ ಕೈ ನಡುಗಿತು. ಎಡಗೈಯಿಂದ ಬಲಗೈ ಹಿಡಿದುಕೊಂಡು ಎರಡನೆಯ ಸಲ ಸರಿಮಾಡಿದ. ಆಮೇಲೆ ದೊಡ್ಡ ಕತ್ತರಿ ತೆಗೆದು, ಹಿಡಿಯನ್ನು ನನ್ನ ಕಡೆಗೆ ತಿರುಗಿಸಿ ಚಾಚಿದ.

ಆ ಕತ್ತರಿಯನ್ನು ನಲವತ್ತೊಂದು ವರ್ಷದಲ್ಲಿ ಅವನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಒಮ್ಮೆ ನಾನು ಕಾಗದ ಕತ್ತರಿಸಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದ.

“ನಾನಾ?”

“ಮತ್ತೆ ಯಾರು? ಗೆರೆ ನಂದು, ಕತ್ತರಿ ನಿಮ್ದು. ಗೆರೆ ಬಿಟ್ಟು ಹೋದ್ರೆ ನಾನು ಸುಮ್ನಿರಲ್ಲ ನೋಡಿ.”

“ಬೈಯ್ತೀಯಾ?”

“ಚೀಲ ಹೊಲಿಸ್ತೀನಿ.”

ಗೆರೆ ಬಿಡದೆ ಕತ್ತರಿಸಿದೆ. ಭಾರವಾದ ಕತ್ತರಿ, ಮೊದಲ ಮೊಳಕ್ಕೇ ನನ್ನ ಬೆವರು ಇಳಿಯಿತು. ಅವನು ಮಿಷನ್ನಿನಲ್ಲಿ ಅಂಚು ಹೊಲಿದ. ಮಿಷನ್ನಿಗೆ ಕೈ ನಡುಕ ಅಷ್ಟು ಲೆಕ್ಕವಿಲ್ಲ, ಕಾಲು ಗಟ್ಟಿಯಾಗಿತ್ತು. ನಾಲ್ಕು ಮೂಲೆಗೆ ದಪ್ಪ ಬಟ್ಟೆ ಇಟ್ಟು ಕಾಜ ಮಾಡಿ ಹಗ್ಗ ಹಾಕಿದ. ಸಂಜೆಗೆ ಆರು ಗಿಡದ ಮೇಲೆ ಚಪ್ಪರ ಎದ್ದಿತು, ಪಕ್ಕವೆಲ್ಲ ಗಾಳಿಗೆ ತೆರೆದಿತ್ತು.

ಬುಡಕ್ಕೆ ಒಣ ಎಲೆ ಹಾಸಿದೆವು. ದಿನಾ ಬೆಳಗ್ಗೆ ಆರು ಗಂಟೆಗೆ ಬಕೆಟ್ಟಿಗೆ ಒಂದು ಚೊಂಬು, ತಳದ ತೂತಿನಲ್ಲಿ ಹನಿ ಕಾಣುವ ತನಕ, ಆಮೇಲೆ ಮನಸ್ಸು ಎಷ್ಟೇ ಚೆನ್ನಾಗಿದ್ದರೂ ಇಲ್ಲ ಎಂದು ಕಟ್ಟು ಮಾಡಿದೆವು. ಬಾಟಲಿಯನ್ನು ಬಿಚ್ಚದೆಯೇ ಅಂಗಡಿಗೆ ಹಿಂತಿರುಗಿಸಿದ. ಕೊನೆಗೆ ನಾನು ಪ್ರತಿ ಗಿಡದ ತುದಿಯ ಚಿಗುರಿನ ಕೆಳಗೆ ಒಂದು ಬಿಳಿ ನೂಲು ಕಟ್ಟಿದೆ. ಇನ್ನು ಮೇಲೆ ಬರುವ ಎಲೆ ಹೇಗಿರುತ್ತದೆ ಎಂದು ತಿಳಿಯಬೇಕಿತ್ತು.

ಎಂಟನೆಯ ದಿನ ಗುಮಾಸ್ತರು ಗೋಡೆ ದಾಟಿ ಬಂದರು. ಬಂದವರೇ ಕೆಳಗಿನ ಎಲೆ ನೋಡಿ, “ಅಮ್ಮಾ, ಮುದುರು ಹಾಗೇ ಇದೆಯಲ್ಲ?” ಎಂದರು.

“ಅದು ಇನ್ನು ಬಿಚ್ಚಿಕೊಳ್ಳೋದಿಲ್ಲ ಗುಮಾಸ್ತರೇ. ಸುರುಳಿಯಾದ ಹಳೆಯ ಎಲೆ ಹಾಗೇ ಇರುತ್ತೆ, ಅದರಿಂದ ಗಿಡಕ್ಕೆ ತೊಂದರೆ ಇಲ್ಲ. ಬಿಳಿ ನೂಲಿನ ಮೇಲೆ ನೋಡಿ.”

ಕನ್ನಡಕ ಏರಿಸಿ ನೋಡಿದರು. ಬಿಳಿ ನೂಲಿನ ಮೇಲೆ ಪ್ರತಿ ಗಿಡಕ್ಕೂ ಎರಡೋ ಮೂರೋ ಹೊಸ ಎಲೆ ಬಂದಿತ್ತು. ಅಂಗೈಯಂತೆ ಚಪ್ಪಟೆ, ಹಸಿರು. ಕಪ್ಪು ಬಟ್ಟೆ ಕೈಗೆ ಕೊಟ್ಟೆ. ತಾವೇ ಆರು ಗಿಡವನ್ನೂ ತಟ್ಟಿದರು, ಪೈಪಿನಡಿ ನುಸುಳಿ ಏಳನೆಯದನ್ನೂ ತಟ್ಟಿ, ತಲೆಗೆ ಜೇಡರ ಬಲೆ ಹಚ್ಚಿಕೊಂಡು ಹೊರಗೆ ಬಂದರು.

“ನೊಣ ಇಲ್ಲ. ಹಾಗಾದ್ರೆ ಏನಾಗಿತ್ತು ಇವಕ್ಕೆ?”

ನಾನು ಏನೋ ಹೇಳಿ ಮುಚ್ಚಲು ಬಾಯಿ ತೆರೆದೆ. ಮೈದುನ ಮುಂದೆ ಬಂದು, “ನನ್ನ ಕೈ. ಕತ್ತರಿಸಿ ಕತ್ತರಿಸಿ ಹೆದರಿಸಿಬಿಟ್ಟಿದ್ದೆ” ಎಂದ. ಮೂರು ವರ್ಷದಲ್ಲಿ ಅವನು ತನ್ನ ಕೈಯ ಮಾತನ್ನು ತಾನೇ ಆಡಿದ್ದು ಅದೇ ಮೊದಲು.

ಗುಮಾಸ್ತರು ತಮ್ಮ ಅಂಗಿಯ ತೋಳನ್ನು ನೋಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. “ನನ್ನ ಹತ್ತಿರ ಬರ್ಬೇಡಿ ಮಾಸ್ಟ್ರೇ, ಇದು ಹೊಸದು” ಎಂದರು. ಮೂವರೂ ನಕ್ಕೆವು.

ಎಲ್ಲವೂ ಉಳಿಯಿತು ಎಂದು ನಾನು ಹೇಳುವುದಿಲ್ಲ. ಕುರ್ಚಿಯ ಪಕ್ಕದ ಮೊದಲನೇ ಗಿಡ ಚೇತರಿಸಿಕೊಳ್ಳಲಿಲ್ಲ. ಎಲೆಯ ಮರೆಯಿಲ್ಲದೆ ಅದರ ಎರಡು ಕಾಯಿಗೆ ಬಿಸಿಲು ಬಡಿದು ಒಂದು ಮಗ್ಗುಲು ಬೆಳ್ಳಗೆ ಬೆಂದಿತ್ತು. ಅದನ್ನು ಅವನೇ ಕಿತ್ತು, ಮಣ್ಣು ಕೊಡವಿ, ಬಕೆಟ್ಟು ತೊಳೆದಿಟ್ಟ. ಉಳಿದ ಆರು ಗಿಡ ಕಾಯಿ ಬಿಟ್ಟವು. ಮೊದಲು ಹಣ್ಣಾದದ್ದು ಟ್ಯಾಂಕಿನ ಹಿಂದಿನದು. ಅದನ್ನು ತಿನ್ನಲು ಯಾರಿಗೂ ಕೊಡಲಿಲ್ಲ. ಹೆಚ್ಚಿ, ತಿರುಳನ್ನು ಲೋಟದ ನೀರಿಗೆ ಹಿಂಡಿ, ಮೂರು ದಿನ ಬಿಟ್ಟು, ಮೇಲೆ ಕಟ್ಟಿದ ನೊರೆ ಚೆಲ್ಲಿ, ಬೀಜ ತೊಳೆದು ಬಟ್ಟೆಯ ಮೇಲೆ ನೆರಳಿನಲ್ಲಿ ಆರಿಸಿದೆವು. ಒಂದೇ ಹಣ್ಣಿನಲ್ಲಿ ನೂರ ಹದಿನೆಂಟು ಬೀಜ.

“ಇನ್ನು ಒಂದೇ ಮನೇಲಿ ಇಡೋದು ಬೇಡ ಅತ್ತಿಗೆ” ಎಂದ ಮೈದುನ. ಮೂರು ಪಾಲು ಮಾಡಿದ. ನಲವತ್ತು ನಮಗೆ. ನಲವತ್ತು ಎರಡು ಬೀದಿ ಆಚೆ ಇರುವ ನನ್ನ ಮಗಳಿಗೆ. ಮೂವತ್ತೆಂಟನ್ನು ಹಿಡಿದುಕೊಂಡು ಗೋಡೆಯ ಹತ್ತಿರ ಹೋಗಿ ಗುಮಾಸ್ತರನ್ನು ಕೂಗಿದ. ಅವರು ಮೂರೂ ಪೊಟ್ಟಣ ತರಿಸಿಕೊಂಡು, ಒಳ್ಳೆಯ ಪೆನ್ನು ತಂದು, ಗೋಡೆಯ ಮೇಲೆಯೇ ಕಾಗದ ಹರಡಿ ಕುಳಿತರು. ಮೂವರಲ್ಲಿ ದುಂಡಗೆ ಬರೆಯುವವರು ಅವರೇ.

“ಏನಂತ ಬರೀಲಿ? ಇದರ ಹೆಸರೇನು?”

ಅಷ್ಟು ವರ್ಷದಲ್ಲಿ ಅದಕ್ಕೊಂದು ಹೆಸರಿರಲಿಲ್ಲ.

“ಅಣ್ಣನ ಟೊಮೇಟೊ ಅಂತ ಬರೀರಿ” ಎಂದ ಮೈದುನ.

“ನಿಮ್ಮ ಪೊಟ್ಟಣಕ್ಕೆ ಸರಿ. ನನ್ನ ಮನೇಲಿ ಓದಿದ್ರೆ ಯಾರಣ್ಣ ಅಂತ ಕೇಳಲ್ವಾ?”

“ನಿಮ್ಗೂ ಅಣ್ಣನೇ ಆಗ್ಬೇಕು. ವಯಸ್ಸಲ್ಲಿ ನಿಮ್ಗಿಂತ ದೊಡ್ಡೋನು.”

ಗುಮಾಸ್ತರು ಮೂರಕ್ಕೂ ಹಾಗೆಯೇ ಬರೆದರು. ಪೆನ್ನಿನ ಮುಚ್ಚಳ ಹಾಕಲು ಹೊರಟಾಗ ಮೈದುನ ತಡೆದ.

“ಕೆಳಗೆ ಇನ್ನೊಂದು ಸಾಲು ಬರೀರಿ. ಬೇಸಿಗೆಯಲ್ಲಿ ಕೆಳಗಿನ ಎಲೆ ಮೇಲ್ಮುಖವಾಗಿ ಸುರುಳಿಯಾದರೆ ಹೆದರಬೇಡಿ. ನೆರಳು ಕೊಡಿ, ಬೆಳಗ್ಗೆ ಒಂದೇ ಸಲ ನೀರು ಕೊಡಿ, ಸುಮ್ಮನೆ ಬಿಡಿ. ತುದಿಯ ಎಲೆ ಹಳದಿಯಾಗಿ ಮುದುರಿದರೆ ಮಾತ್ರ...”

“ಸ್ವಾಮಿ, ಪೊಟ್ಟಣ ಮೂರು ಬೆರಳಗಲ ಇದೆ.”

“ಹಾಗಾದ್ರೆ ಸ್ವಲ್ಪ ಇರಿ. ನಿಮ್ಮ ಅಕ್ಷರಕ್ಕೆ ಎಷ್ಟು ಬೇಕು ಹೇಳಿ, ದೊಡ್ಡ ಪೊಟ್ಟಣ ಹೊಲ್ಕೊಂಡು ಬರ್ತೀನಿ” ಎಂದು ಮೈದುನ ಕೊರಳಿನ ಟೇಪು ತೆಗೆದು ಗುಮಾಸ್ತರ ಕೈಬರಹವನ್ನು ಅಳೆಯತೊಡಗಿದ.